ಕಿವಿಗೊಟ್ಟು ಕಲಿತ ಭಾಷೆ

ಮನೆಯ ರೌಟರ್ ಪಕ್ಕ ಕೂತು ಫೋಟೊ, ಹಾಡು, ಹಳೆಯ ಕಾಗದಪತ್ರಗಳ ಸ್ಕ್ಯಾನ್‌ಗಳನ್ನೆಲ್ಲ ಕಾಯುವ ಪುಟ್ಟ ಪೆಟ್ಟಿಗೆಗೆ ನಾಸ್ ಎನ್ನುತ್ತಾರೆ. ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಅದರೊಳಗೆ ಕೈಹಾಕಬಲ್ಲವು. ಬೇರೆ ಬೇರೆ ಕಂಪನಿಗಳ ಈ ಯಂತ್ರಗಳು ಒಂದೇ ಭಾಷೆಯಲ್ಲಿ ಮಾತಾಡುವುದು ನಮಗೀಗ ಸಹಜವೆನಿಸಿದೆ. ಅದರ ಹಿಂದಿನ ಕತೆ ಮಾತ್ರ ಅಷ್ಟು ಸಹಜವಾದದ್ದಲ್ಲ.

ಎಂಬತ್ತರ ದಶಕದಲ್ಲಿ ಎರಡು ಭಾಷೆಗಳು ಹುಟ್ಟಿದವು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಯೂನಿಕ್ಸ್ ಯಂತ್ರಗಳಿಗಾಗಿ ಎನ್‌ಎಫ್‌ಎಸ್ ತಂದು, ಅದರ ವಿವರಗಳನ್ನು ಹೊರಗಿನವರಿಗೂ ಕೊಟ್ಟಿತು. ಇನ್ನೊಂದು ಎಸ್‌ಎಂಬಿ. ಐಬಿಎಂನಲ್ಲಿ ಬ್ಯಾರಿ ಫೈಗನ್‌ಬಾಮ್ ರೂಪಿಸಿದ ಇದು ಮುಂದೆ ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆದು ವಿಂಡೋಸ್‌ನ ಮನೆಮಾತಾಯಿತು. ಆದರೆ ಅದರ ಪೂರ್ತಿ ವ್ಯಾಕರಣ ಹೊರಗಿನವರಿಗೆ ಸಿಗುತ್ತಿರಲಿಲ್ಲ.

1991ರ ಕೊನೆಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ತನ್ನ ಪಿಸಿಯಿಂದ ಯೂನಿಕ್ಸ್ ಯಂತ್ರದ ಕಡತಗಳನ್ನು ತೆರೆಯಬೇಕಿತ್ತು. ಪಿಸಿಯಲ್ಲಿದ್ದ ಡಿಇಸಿ ಕಂಪನಿಯ ತಂತ್ರಾಂಶ ಅದೇ ಕಂಪನಿಯ ಸರ್ವರ್ ಜೊತೆ ಮಾತ್ರ ಮಾತಾಡುತ್ತಿತ್ತು. ಟ್ರಿಡ್ಜೆಲ್ ತಂತಿಯ ಮೇಲೆ ಹರಿಯುವ ಸಂದೇಶಗಳನ್ನು ಹಿಡಿದು, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆಂದು ನೋಡುತ್ತ ಹೋದರು. ಫ್ರೆಂಚ್ ಬಾರದವನು ಫ್ರೆಂಚ್ ಹೋಟೆಲಿನಲ್ಲಿ ಕೂತು, ಗಿರಾಕಿ ಏನೆಂದರೆ ಮಾಣಿ ಏನು ತರುತ್ತಾನೆಂದು ಗಮನಿಸಿಯೇ ಭಾಷೆ ಕಲಿತಂತೆ ಎಂದು ಅವರೇ ಮುಂದೆ ಈ ವಿಧಾನವನ್ನು ವಿವರಿಸಿದ್ದುಂಟು. ಕೂಸು ಮಾತು ಕಲಿಯುವುದೂ ಹೀಗೆಯೇ ಅಲ್ಲವೇ? ವ್ಯಾಕರಣ ಓದಿ ಕನ್ನಡ ಕಲಿತ ಮಗುವನ್ನು ನಾನಂತೂ ಕಂಡಿಲ್ಲ.

1992ರ ಜನವರಿಯಲ್ಲಿ ಅವರು ತಮ್ಮ ತಂತ್ರಾಂಶವನ್ನು ಎಲ್ಲರಿಗೂ ಹಂಚಿದರು. ಮೊದಲಿಟ್ಟ ಹೆಸರಿಗೆ ಇನ್ನೊಂದು ಕಂಪನಿ ಹಕ್ಕು ಸಾಧಿಸಿದಾಗ, ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಯಂತ್ರದ ಪದಪಟ್ಟಿಯಲ್ಲಿ ಹುಡುಕಿದರು. ಸಿಕ್ಕ ನಾಲ್ಕಾರು ಪದಗಳಲ್ಲಿ ಒಂದು ಸಾಂಬಾ.

ಕಿವಿಗೊಟ್ಟು ಕಲಿತದ್ದಕ್ಕೂ ಮಿತಿಯುಂಟು. ವಿಂಡೋಸ್ ತನ್ನ ಮಾತಿನ ಧಾಟಿ ಬದಲಿಸಿದಾಗಲೆಲ್ಲ ಸಾಂಬಾ ತಂಡ ಮತ್ತೆ ಕೇಳಿಸಿಕೊಳ್ಳಬೇಕಿತ್ತು. ಈ ವಿವರಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್‌ಗೆ ಆದೇಶಿಸಿತು; 2007ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರ್‌ನಲ್ಲಿ ಒಂದೇ ಬಾರಿ 10,000 ಯೂರೋ ಕೊಟ್ಟು ದಾಖಲೆಗಳು ಸಾಂಬಾದವರ ಕೈಸೇರಿದವು. ಹದಿನಾರು ವರ್ಷ ಕದ ತಟ್ಟಿದ ಮೇಲೆ! ಅಷ್ಟರಲ್ಲಿ ಲಿನಕ್ಸ್ ಮೇಲೆ ನಡೆಯುವ ಎಷ್ಟೋ ನಾಸ್ ಪೆಟ್ಟಿಗೆಗಳಲ್ಲಿ ಸಾಂಬಾ ಮನೆಮನೆ ಹೊಕ್ಕಿತ್ತು.

ಇದೆಲ್ಲ ಗೋಡೆಯೊಳಗಿನ ಮಾತು. ಹೊರಗಿನಿಂದ ಆ ಪೆಟ್ಟಿಗೆಯನ್ನು ಮುಟ್ಟುವುದು ಬೇರೆಯೇ ಪಾಡು. ಹಳೆಯ ಅಂತರಜಾಲ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಸಾಲವು ಎಂದು ಗೊತ್ತಾದಾಗ, 192.168ರಿಂದ ಶುರುವಾಗುವಂಥ ಕೆಲವು ಸರಣಿಗಳನ್ನು ಒಳಮನೆಯ ಬಳಕೆಗೆ ಮೀಸಲಿಟ್ಟರು. ಪ್ರತಿ ಮನೆಯಲ್ಲೂ ಅವೇ ಅಂಕಿಗಳು, ಹಾಗಾಗಿ ಹೊರಗಿನವರಿಗೆ ಅವು ವಿಳಾಸವೇ ಅಲ್ಲ. ರೌಟರ್‌ನಲ್ಲಿ ಕಿಂಡಿ ತೆರೆದು ಎಸ್‌ಎಂಬಿಯನ್ನು ನೇರ ಹೊರಗಿಡಬಹುದು. ಅದು ಬೀದಿ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು ವಿಂಡೋಸ್‌ನ ಹಳೆಯ ಎಸ್‌ಎಂಬಿಯ ದೋಷವೊಂದರ ಮೂಲಕ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲೂ ಕೆಲಸ ನಿಂತಿತು.

ಹಾಗಾಗಿ ನಾನು ವಿಪಿಎನ್ ಎಂಬ ಬೀಗ ಹಾಕಿದ ಸುರಂಗವನ್ನೇ ಬಳಸುತ್ತೇನೆ. 2020ರಲ್ಲಿ ಲಿನಕ್ಸ್‌ನ ತಿರುಳಿಗೆ ಸೇರಿದ ವೈರ್‌ಗಾರ್ಡ್ ಇದನ್ನು ಸುಲಭ ಮಾಡಿತು. ಸುರಂಗದ ಆಚೆ ತುದಿಯಿಂದ ಫೋಲ್ಡರ್ ತೆರೆದಾಗ ತುಸು ಕಾಯಬೇಕಾಗುತ್ತದೆ. ಒಂದೇ ಕಟ್ಟಡದ ಗಿಡ್ಡ ತಂತಿಗೆಂದು ಹುಟ್ಟಿದ ಭಾಷೆಯಿದು. ಒಂದು ಕಡತ ಕೊಡುವ ಮುನ್ನ ಹತ್ತಾರು ಸಣ್ಣ ಪ್ರಶ್ನೆ ಕೇಳುವ ಚಾಳಿ ಅದಕ್ಕೆ ಇನ್ನೂ ಪೂರ್ತಿ ಬಿಟ್ಟಿಲ್ಲ.