ಒಂದನೇ ಸ್ಥಾನ ಎಂದರೆ ಯಾರ ಒಂದನೇ ಸ್ಥಾನ?

ಹಾಡುಗಳನ್ನು ಇಂದಿಗೂ ತಮ್ಮದೇ ಹಾರ್ಡ್ ಡಿಸ್ಕಿನಲ್ಲಿ ಕಡತಗಳಾಗಿ ಕೂಡಿಡುವವರ ಪಂಗಡವೊಂದಿದೆ. ನಾನೂ ಅದಕ್ಕೆ ಸೇರಿದ್ದೇನೆ. ಹಾಡಿನ ಹೆಸರು, ಗಾಯಕರು, ವರ್ಷ ಎಲ್ಲ ತುಂಬಿದ ಮೇಲೆ ನಮ್ಮಲ್ಲಿ ಅನೇಕರಿಗೆ ಇನ್ನೊಂದು ಆಸೆ ಹುಟ್ಟುತ್ತದೆ: ಈ ಹಾಡು ತನ್ನ ಕಾಲದ ಜನಪ್ರಿಯತಾ ಪಟ್ಟಿಯಲ್ಲಿ, ಅಂದರೆ ಚಾರ್ಟ್‌ನಲ್ಲಿ, ಎಷ್ಟನೇ ಸ್ಥಾನಕ್ಕೆ ಏರಿತ್ತು, ಎಷ್ಟು ವಾರ ಉಳಿದಿತ್ತು ಎಂಬುದನ್ನೂ ಬರೆದಿಡಬೇಕು. ಹಾಗೆ ಮಾಡಿದರೆ 1965ರ ಒಂದು ವಾರ ಜನ ಏನನ್ನು ಕೇಳುತ್ತಿದ್ದರೋ ಅದನ್ನೇ ಸಾಲಾಗಿ ಕೇಳಬಹುದು. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಹಿತವಾದ ಆಮಿಷ ಬೇರೆ ಬೇಕೆ?

ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ. 1996ರಲ್ಲಿ ಬಂದ ಐಡಿ3 ಟ್ಯಾಗ್ ಎಂಪಿ3 ಕಡತದ ಕೊನೆಗೆ ಅಂಟಿಕೊಂಡ ಬರೀ 128 ಬೈಟ್‌ಗಳ ಚೀಟಿಯಾಗಿತ್ತು. ಹಾಡಿನ ಹೆಸರಿಗೆ ಅದರಲ್ಲಿದ್ದದ್ದು 30 ಅಕ್ಷರಗಳ ಜಾಗ, ವರ್ಷಕ್ಕೆ 4. ಎರಡು ವರ್ಷಗಳ ನಂತರ ಬಂದ ಎರಡನೇ ಆವೃತ್ತಿಯಲ್ಲಿ ಬಳಕೆದಾರರು ತಾವೇ ಹೆಸರಿಟ್ಟು ಹೊಸ ಖಾನೆಗಳನ್ನು ಸೇರಿಸುವ ಅವಕಾಶ ಸಿಕ್ಕಿತು. ಇಂದು ಎಂಪಿ3ಟ್ಯಾಗ್‌ನಂಥ ತಂತ್ರಾಂಶದಲ್ಲಿ 'ಗರಿಷ್ಠ ಸ್ಥಾನ' ಎಂಬ ಖಾನೆ ತೆರೆದು ಅಂಕಿ ತುಂಬಲು ಅರ್ಧ ನಿಮಿಷ ಸಾಕು.

ಅಂಕಿಗಳನ್ನು ಒಟ್ಟುಗೂಡಿಸುವ ದೊಡ್ಡ ಕೆಲಸವನ್ನೂ ಬೇರೆಯವರು ಮಾಡಿಟ್ಟಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೋಯೆಲ್ ವಿಟ್‌ಬರ್ನ್ ಎಂಬ ರೆಕಾರ್ಡ್ ಸಂಗ್ರಾಹಕ, ಬಿಲ್‌ಬೋರ್ಡ್ ಪತ್ರಿಕೆಯ ವಾರವಾರದ ಪಟ್ಟಿಗಳನ್ನು ಕಾರ್ಡುಗಳ ಮೇಲೆ ಬರೆದಿಡುತ್ತ ಹೋದರು. 1970ರಲ್ಲಿ ಅದನ್ನು ಪುಸ್ತಕವಾಗಿಸಿದರು. 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪುಸ್ತಕಗಳು ರೇಡಿಯೋ ನಿಲಯಗಳಿಗೂ ಸಂಗ್ರಾಹಕರಿಗೂ ಪ್ರಮಾಣಗ್ರಂಥಗಳಾಗಿದ್ದವು. ನಾವಿಂದು ನಕಲಿಸಿಕೊಳ್ಳುವ ಎಷ್ಟೋ ಅಂಕಿಗಳ ಹಿಂದೆ ಇಂಥ ಕೈಬರಹದ ದುಡಿಮೆಯಿದೆ.

ತೊಡಕು ಶುರುವಾಗುವುದು ಅಂಕಿಯ ಅರ್ಥ ಕೇಳಿದಾಗ. ಬೀಟಲ್ಸ್ ತಂಡದ 'ಪ್ಲೀಸ್ ಪ್ಲೀಸ್ ಮಿ' 1963ರಲ್ಲಿ ಬ್ರಿಟನ್ನಿನಲ್ಲಿ ಎಷ್ಟನೇ ಸ್ಥಾನ ಪಡೆಯಿತು? ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಮತ್ತು ಮೆಲೊಡಿ ಮೇಕರ್ ಪತ್ರಿಕೆಗಳ ಪಟ್ಟಿಗಳಲ್ಲಿ ಒಂದು. ರೆಕಾರ್ಡ್ ರಿಟೇಲರ್ ಪಟ್ಟಿಯಲ್ಲಿ ಎರಡು. ಆ ಕಾಲದಲ್ಲಿ ಇವು ಪರಸ್ಪರ ಸ್ಪರ್ಧಿಗಳು. ಯಾವುದೂ ಸರ್ಕಾರಿ ಗೆಜೆಟ್ ಆಗಿರಲಿಲ್ಲ. ಆದರೆ ಮುಂದೆ ಅಧಿಕೃತ ಇತಿಹಾಸ ಕಟ್ಟುವಾಗ 1960ರಿಂದಾಚೆಗೆ ರೆಕಾರ್ಡ್ ರಿಟೇಲರ್ ಪಟ್ಟಿಯನ್ನೇ ಆಧಾರವಾಗಿ ಹಿಡಿದರು. ಹೀಗಾಗಿ ಆ ಹಾಡು ಎರಡನೇ ಸ್ಥಾನಕ್ಕೆ ಇಳಿಯಿತು. 2000ದಲ್ಲಿ ಬೀಟಲ್ಸ್‌ನ ಒಂದನೇ ಸ್ಥಾನದ ಹಾಡುಗಳನ್ನಷ್ಟೇ ಕೂಡಿಸಿ ತಂದ '1' ಎಂಬ ಸಂಕಲನದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹಾಡು ಬದಲಾಗಲಿಲ್ಲ, ಕೊಂಡವರೂ ಬದಲಾಗಲಿಲ್ಲ. ಯಾರ ಲೆಕ್ಕವನ್ನು ನಂಬಬೇಕು ಎಂಬ ತೀರ್ಮಾನ ಮಾತ್ರ ಆಮೇಲೆ ಬಂತು.

ಒಂದೇ ಪಟ್ಟಿಯೊಳಗೂ ಲೆಕ್ಕದ ನಿಯಮ ಸ್ಥಿರವಲ್ಲ. 1991ರ ಮೇ ತಿಂಗಳವರೆಗೆ ಬಿಲ್‌ಬೋರ್ಡ್‌ನ ಆಲ್ಬಂ ಪಟ್ಟಿ ಅಂಗಡಿಯವರು ಹೇಳಿದ ಮಾತಿನ ಮೇಲೆ ನಿಂತಿತ್ತು. ಆಗ ಸೌಂಡ್‌ಸ್ಕ್ಯಾನ್ ಬಂದು ಬಾರ್‌ಕೋಡ್ ಎಣಿಕೆ ಶುರುವಾಯಿತು. ಮರುತಿಂಗಳೇ ಎನ್‌ಡಬ್ಲ್ಯುಎ ಎಂಬ ರ‍್ಯಾಪ್ ತಂಡದ ಆಲ್ಬಂ ಮೊದಲನೇ ಸ್ಥಾನಕ್ಕೇರಿತು. ಕಂಟ್ರಿ ಸಂಗೀತದ ಆಲ್ಬಂಗಳೂ ಮೊದಲಿಗಿಂತ ಎತ್ತರದಲ್ಲಿ ಕಾಣತೊಡಗಿದವು. ಜನರ ರುಚಿ ಒಂದು ತಿಂಗಳಲ್ಲಿ ಬದಲಾಗಿರಲಾರದು. ಎಣಿಸುವ ಕೈ ಬದಲಾಗಿತ್ತು. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' ರೇಡಿಯೋ ಪ್ರಸಾರದ ಪಟ್ಟಿಯಲ್ಲಿ 16 ವಾರ ಮೊದಲನೆಯದಾಗಿದ್ದರೂ ಹಾಟ್ 100 ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅಮೆರಿಕದಲ್ಲಿ ಅದನ್ನು ಬಿಡಿ ಸಿಂಗಲ್ ಆಗಿ ಮಾರಿರಲಿಲ್ಲ, 1998ರ ಡಿಸೆಂಬರ್‌ವರೆಗೆ ಅಂಥ ಹಾಡುಗಳಿಗೆ ಆ ಪಟ್ಟಿಗೆ ಪ್ರವೇಶವಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಖಾಲಿ ಖಾನೆಯ ಪ್ರಶ್ನೆ. 1963ರ ನವೆಂಬರ್ ಕೊನೆಯಿಂದ 1965ರ ಜನವರಿ ಕೊನೆಯವರೆಗೆ ಬಿಲ್‌ಬೋರ್ಡ್ ತನ್ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯನ್ನೇ ನಿಲ್ಲಿಸಿತ್ತು. ಆ ಹದಿನಾಲ್ಕು ತಿಂಗಳ ಕಪ್ಪು ಜನರ ಸಂಗೀತಕ್ಕೆ ಆ ಖಾನೆಯಲ್ಲಿ ಅಂಕಿಯೇ ಇಲ್ಲ. ಯಂತ್ರ ಅದನ್ನು 'ಪಟ್ಟಿಗೆ ಬಂದಿಲ್ಲ' ಎಂದು ಓದುತ್ತದೆ. ಆದರೆ ಪಟ್ಟಿಯೇ ಇಲ್ಲದಾಗ ಹಾಡು ಬರುವುದಾದರೂ ಎಲ್ಲಿಗೆ?

ನನ್ನ ಸಂಗ್ರಹದಲ್ಲಿ ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಹಿಂದಿ, ಕನ್ನಡ ಹಾಡುಗಳೂ ಇರುವುದರಿಂದ ಈ ಪ್ರಶ್ನೆ ಮನೆಬಾಗಿಲಿಗೇ ಬರುತ್ತದೆ. ಬ್ರಿಟನ್ನಿನ ಮೊದಲ ಮಾರಾಟದ ಪಟ್ಟಿ 1952ರ ನವೆಂಬರ್ 14ರಂದು ಪ್ರಕಟವಾಯಿತು. ಸುಮಾರು ಇಪ್ಪತ್ತು ಅಂಗಡಿಗಳಿಗೆ ಫೋನ್ ಮಾಡಿ ಅದನ್ನು ತಯಾರಿಸಿದ್ದರು. ಮೂರು ವಾರ ತುಂಬುವುದರೊಳಗೆ, ಡಿಸೆಂಬರ್ 3ರಂದು, ರೇಡಿಯೋ ಸಿಲೋನ್‌ನಲ್ಲಿ 'ಬಿನಾಕಾ ಗೀತ್‌ಮಾಲಾ' ಶುರುವಾಯಿತು. ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿದ್ದರಿಂದ ಕೇಳುಗರು ಕೊಲಂಬೊದತ್ತ ತಿರುಗಿದ್ದ ದಿನಗಳವು. ಅಮೀನ್ ಸಯಾನಿಯವರ ದನಿಯಲ್ಲಿ ಬರುತ್ತಿದ್ದ ಆ ಶ್ರೇಯಾಂಕಕ್ಕೆ ರೆಕಾರ್ಡ್ ಮಾರಾಟದ ಜೊತೆಗೆ ಶ್ರೋತೃಗಳ ಪತ್ರಗಳು, ಶ್ರೋತೃ ಸಂಘಗಳ ಮತಗಳೂ ಆಧಾರ. ಗೀತ್‌ಮಾಲಾದ ಒಂದನೇ ಸ್ಥಾನವನ್ನೂ ಹಾಟ್ 100ರ ಒಂದನೇ ಸ್ಥಾನವನ್ನೂ ಒಂದೇ ಖಾನೆಯಲ್ಲಿ ತುಂಬಿದರೆ ಸೇರನ್ನೂ ಮೊಳವನ್ನೂ ಕೂಡಿಸಿದಂತಾಗುತ್ತದೆ. ಇನ್ನು ಗೀತ್‌ಮಾಲಾ ಹಿಂದಿ ಚಿತ್ರಗೀತೆಗಳ ಪಟ್ಟಿ. ಅಲ್ಲಿ ಕನ್ನಡ ಹಾಡೊಂದರ ಹೆಸರಿಲ್ಲವೆಂದರೆ ಜನ ಅದನ್ನು ಮೆಚ್ಚಲಿಲ್ಲ ಎಂದಲ್ಲ, ಅದನ್ನು ಮೆಚ್ಚಿದವರನ್ನು ಯಾರೂ ಕೇಳಲಿಲ್ಲ ಎಂದಷ್ಟೇ ಅರ್ಥ.

ಹಾಗೆಂದು ಚಾರ್ಟ್ ಮಾಹಿತಿ ಸೇರಿಸಬಾರದು ಎಂದು ನಾನು ಹೇಳುವುದಿಲ್ಲ. ಸೇರಿಸಬೇಕು, ಶಾಸನ ಓದುವವರ ಶಿಸ್ತಿನಿಂದ. ಪ್ರತಿ ಅಂಕಿಯ ಜೊತೆಗೆ ಪಟ್ಟಿಯ ಹೆಸರು, ದೇಶ, ದಿನಾಂಕ ಇರಲಿ. ಒಂದೇ ಹಾಡಿಗೆ ಹಲವು ಖಾನೆಗಳಿರಲಿ: 'ಬೊಹೀಮಿಯನ್ ರಾಪ್ಸೊಡಿ' ಅಮೆರಿಕದಲ್ಲಿ 1976ರಲ್ಲಿ ಒಂಬತ್ತನೆಯದು, 1992ರಲ್ಲಿ ಎರಡನೆಯದು. ಬರೀ 'ಗರಿಷ್ಠ 2' ಎಂದು ಬರೆದರೆ ಮೊದಲ ಕಥೆ ಅಳಿಸಿಹೋಗುತ್ತದೆ. ಮುಖ್ಯವಾಗಿ, 'ಪಟ್ಟಿಗೆ ಬರಲಿಲ್ಲ' ಮತ್ತು 'ಪಟ್ಟಿ ಇರಲಿಲ್ಲ' ಎಂಬ ಎರಡಕ್ಕೂ ಬೇರೆ ಬೇರೆ ಗುರುತು ಇರಲಿ. ನನ್ನ ಸಂಗ್ರಹದ ಕನ್ನಡ ಹಾಡುಗಳಿಗೆ ನಾನು ಹಾಕುವುದು ಎರಡನೇ ಗುರುತನ್ನು. ಸೊನ್ನೆಗೂ ಮೌನಕ್ಕೂ ಇರುವ ವ್ಯತ್ಯಾಸ ಅಷ್ಟಾದರೂ ಉಳಿಯಲಿ.