ಬಡಿಸುವವರು ಯಾರು?

‘ಬಡಿಸುವವ ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ’ ಎಂಬ ಗಾದೆಯನ್ನು ನೀವು ಬಲ್ಲಿರಿ. ನಗುತ್ತಾ ಹೇಳುವ ಮಾತು ಅದು. ಆದರೆ ಬಡಿಸುವವ ನಮ್ಮವನಲ್ಲದಿದ್ದರೆ? ಆ ಪಂಕ್ತಿಯಲ್ಲಿ ಕೂರಲು ನಮಗೆ ಜಾಗವೇ ಇಲ್ಲದಿದ್ದರೆ? ಗಾದೆಯ ಈ ಇನ್ನೊಂದು ಮಗ್ಗುಲಿನ ಕುರಿತು ಇಂದು ನಾಲ್ಕು ಮಾತು ಆಡೋಣ.

ಈಗ ನೀವು ಯಾವುದಾದರೂ ಆಶ್ರಮಕ್ಕೆ ಹೋಗಿ ನೋಡಿ. ಊಟದ ಹೊತ್ತಿಗೆ ಗಂಟೆ ಬಾರಿಸುತ್ತದೆ. ಒಂದು ಸಾಲಿನಲ್ಲಿ ನಿಲ್ಲುತ್ತೀರಿ, ತಟ್ಟೆ ಲೋಟ ನೀವೇ ತೆಗೆದುಕೊಳ್ಳುತ್ತೀರಿ, ಬೇಕಾದಷ್ಟು ಅನ್ನ ಸಾರು ಹಾಕಿಸಿಕೊಳ್ಳುತ್ತೀರಿ. ಉಂಡ ಮೇಲೆ ಹಲವು ಕಡೆ ತಟ್ಟೆಯನ್ನೂ ನೀವೇ ತೊಳೆದಿಡುತ್ತೀರಿ. ಮುಂದೆ ನಿಂತವರು ಯಾರು, ಹಿಂದೆ ನಿಂತವರು ಯಾರು ಎಂದು ಯಾರೂ ಕೇಳುವುದಿಲ್ಲ. ‘ಇದೇನು ಮಹಾ, ಪಟ್ಟಣದ ದರ್ಶಿನಿ ಹೋಟೆಲಿನಲ್ಲೂ ಹೀಗೇ ಅಲ್ಲವೇ?’ ಎನ್ನಬಹುದು. ಆದರೆ ಈ ಸಾಲು ನಿಲ್ಲಲು ಬಹಳ ಜನ ಬಹಳ ಬೆಲೆ ಕೊಟ್ಟಿದ್ದಾರೆ.

ಎಲ್ಲರಿಗೂ ಉಣಬಡಿಸುವ ಮಾತು ನಮ್ಮ ನೆಲಕ್ಕೆ ಹೊಸದಲ್ಲ. 12ನೆಯ ಶತಮಾನದ ಶರಣರು ಅದನ್ನು ದಾಸೋಹ ಎಂದರು. ಸೋಲಾಪುರದ ಸಿದ್ಧರಾಮನ ಹೆಸರು ಗಡಿಯ ಎರಡೂ ಕಡೆ ಮನೆಮಾತು. ಆದರೂ ಕಾಲ ಸರಿದಂತೆ ಅನೇಕ ಕಡೆ ಪಂಕ್ತಿಗಳು ಮತ್ತೆ ಬೇರೆಯಾದವು. ಒಳಗೊಂದು ಪಂಕ್ತಿ, ಜಗಲಿಯಲ್ಲೊಂದು, ಅಂಗಳದಾಚೆ ಇನ್ನೊಂದು. ನಾನು ಹುಡುಗನಾಗಿದ್ದಾಗ ಒಂದು ಊರಿನ ಜಾತ್ರೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಊರಿನ ಹೆಸರು ಬೇಡ. ಬಿಸಿಲಲ್ಲಿ ಕೊನೆಯವರೆಗೆ ಕಾದವರೇ ಎಲ್ಲರ ಎಂಜಲೆಲೆಯನ್ನೂ ಎತ್ತಿದರು. ಅವರ ಪಾಲಿಗೆ ಪಾಯಸ ಮುಗಿದಿತ್ತು.

ಈ ಕಟ್ಟು ಒಡೆದ ಒಂದು ಊಟದ ಮನೆ ನಮ್ಮ ದೇಶದಿಂದ ಬಹು ದೂರದಲ್ಲಿತ್ತು. 1910ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದ ಹೊರಗೆ ಹರ್ಮನ್ ಕ್ಯಾಲೆನ್‌ಬಾಕ್ ಎಂಬ ಗೆಳೆಯರು ತಮ್ಮ 1,100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ವಾಸಕ್ಕೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಗಾಂಧೀಜಿಯವರ ಜೊತೆ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಕುಟುಂಬಗಳಿದ್ದವು. ಗುಜರಾತಿನವರ ಜೊತೆಗೆ ತಮಿಳರೂ ತೆಲುಗರೂ ಇದ್ದರು. ಹೊಸೂರು, ಆದೋನಿಯ ಕೇಳುಗರು ಇದನ್ನು ಗಮನಿಸಬೇಕು. ಅಡುಗೆ ಮನೆ ಒಂದೇ ಇರಬೇಕು ಎಂದಾಗ ಮಾಂಸದ ಪ್ರಶ್ನೆ ಎದ್ದಿತು. ಬೇಕಾದವರಿಗೆ ಕೊಡಲು ಗಾಂಧೀಜಿ ಸಿದ್ಧರಿದ್ದರು. ಮುಸ್ಲಿಂ, ಕ್ರೈಸ್ತ ಮನೆಯವರೇ ಸಸ್ಯಾಹಾರಕ್ಕೆ ಒಪ್ಪಿದರು. ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರು. ತಮ್ಮ ತಮ್ಮ ಪಾತ್ರೆಯನ್ನು ತಾವೇ ತೊಳೆಯುತ್ತಿದ್ದರು. ದೊಡ್ಡ ಪಾತ್ರೆಗಳನ್ನು ಸರದಿಯ ಮೇಲೆ ಉಜ್ಜುತ್ತಿದ್ದರು.

ಪರದೇಶದಲ್ಲಿ ಸುಲಭವಾದದ್ದು ಸ್ವದೇಶದಲ್ಲಿ ಕಷ್ಟವಾಯಿತು. 1915ರ ಮೇ ತಿಂಗಳಲ್ಲಿ ಅಹಮದಾಬಾದಿನ ಕೋಚರಬ್‌ನಲ್ಲಿ ಗಾಂಧೀಜಿ ಆಶ್ರಮ ತೆರೆದರು. ಕೆಲವೇ ತಿಂಗಳಲ್ಲಿ ದೂದಾಭಾಯಿ, ಅವರ ಪತ್ನಿ ದಾನೀಬೆನ್, ಎಳೆ ಮಗು ಲಕ್ಷ್ಮಿ ಅಲ್ಲಿಗೆ ಬಂದರು. ಅಸ್ಪೃಶ್ಯರೆನಿಸಿದ್ದ ಕುಟುಂಬ. ದೂದಾಭಾಯಿ ಮುಂಬಯಿಯಲ್ಲಿ ಮೇಷ್ಟರಾಗಿದ್ದವರು. ಅವರು ಬಂದ ಕೂಡಲೇ ಹಣ ಕೊಡುತ್ತಿದ್ದವರ ಕೈ ನಿಂತಿತು. ಬಾವಿಯ ಬಳಿ ಬೈಗುಳ ಶುರುವಾಯಿತು. ಆಶ್ರಮದ ಒಳಗೇ ಹೆಂಗಸರಿಗೆ, ಕಸ್ತೂರಬಾ ಅವರಿಗೂ, ಇದು ಮೊದಲು ಹಿಡಿಸಲಿಲ್ಲ. ಮುಂದಿನ ತಿಂಗಳಿಗೆ ದುಡ್ಡಿಲ್ಲ ಎಂದು ಮಗನಲಾಲರು ಹೇಳಿದಾಗ, ಹಾಗಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣ ಎಂದು ಗಾಂಧೀಜಿ ಉತ್ತರಿಸಿದರು. ಅಷ್ಟರಲ್ಲಿ ಒಬ್ಬ ಶ್ರೀಮಂತರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಒಳಗೂ ಬಾರದೆ ಹೋದರು. ಆಶ್ರಮ ಉಳಿಯಿತು, ಊಟದ ಸಾಲೂ ಉಳಿಯಿತು.

ಕಾಸರಗೋಡಿನ ಕೇಳುಗರಿಗೆ ತಮ್ಮ ರಾಜ್ಯದ ಕಥೆ ಗೊತ್ತಿರುತ್ತದೆ. 1917ರ ಮೇ 29ರಂದು ಕೊಚ್ಚಿ ಸೀಮೆಯ ಚೆರಾಯಿಯಲ್ಲಿ ಅಯ್ಯಪ್ಪನ್ ಎಂಬ ಯುವಕರು ಮಿಶ್ರಭೋಜನ ನಡೆಸಿದರು. ಈಳವರೂ ಪುಲಯರೂ ಒಟ್ಟಿಗೆ ಕೂತು ಉಂಡರು. ಅನ್ನದ ಜೊತೆ ಹಲಸಿನ ಬೀಜ ಮತ್ತು ಕಡಲೆಯ ಪಲ್ಯ, ಅಷ್ಟೇ. ಅಷ್ಟಕ್ಕೇ ಅವರ ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು, ‘ಪುಲಯನ್ ಅಯ್ಯಪ್ಪನ್’ ಎಂದು ಹಂಗಿಸಿದರು. ಅವರು ಆ ಹೆಸರನ್ನು ಬಿರುದಿನಂತೆ ಹೊತ್ತರು. ನಾರಾಯಣ ಗುರುಗಳು ಅವರ ಬೆನ್ನಿಗೆ ನಿಂತರು. ಸಹೋದರನ್ ಅಯ್ಯಪ್ಪನ್ ಎಂದೇ ಅವರನ್ನು ಇಂದು ಎಲ್ಲರೂ ಬಲ್ಲರು.

ಇನ್ನು ಪಾಂಡಿಚೇರಿ. ಅಲ್ಲಿ ಶ್ರೀ ಅರವಿಂದಾಶ್ರಮ 1926ರಲ್ಲಿ ರೂಪುಗೊಂಡಿತು. ಈಗಿರುವ ಊಟದ ಮನೆ 1934ರ ಜನವರಿಯಲ್ಲಿ ತೆರೆಯಿತು. ಆಗ ಅದು ಫ್ರೆಂಚರ ಊರು. ಇವತ್ತಿಗೂ ಅಲ್ಲಿ ಸಾಲಿನಲ್ಲಿ ನಿಂತು ತಟ್ಟೆ ಹಿಡಿಯಬೇಕು. ಅನ್ನ, ಬೇಳೆ, ತರಕಾರಿ, ಬ್ರೆಡ್ಡು, ಮೊಸರು, ಬಾಳೆಹಣ್ಣು. ಖಾರ ಕಡಿಮೆ, ನಮ್ಮ ನಾಲಿಗೆಗೆ ಸಪ್ಪೆ ಅನಿಸಬಹುದು. ಉಂಡವರು ತಟ್ಟೆಯನ್ನು ತೊಳೆಯುವ ಕಡೆಗೆ ಒಯ್ದು ಕೊಡಬೇಕು. ಅಲ್ಲಿ ಪಾತ್ರೆ ತೊಳೆಯುವವರಲ್ಲಿ ಆಶ್ರಮವಾಸಿಗಳೂ ಇರುತ್ತಾರೆ. ಓದಿದವರಿಗೆ ಇದು ತಕ್ಕ ಕೆಲಸವಲ್ಲ ಎಂಬ ಮಾತು ಅಲ್ಲಿಲ್ಲ. ಕೆಲಸವೇ ಸಾಧನೆ ಎಂಬುದು ಅಲ್ಲಿಯ ನಂಬಿಕೆ.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂತು. ಹೋಟೆಲಿಗೆ, ಬಾವಿಗೆ, ಕೆರೆಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಅದರ 15ನೆಯ ವಿಧಿ ಹೇಳಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. 1956ರಲ್ಲಿ ರಾಜ್ಯಗಳ ಗಡಿಗಳು ಅತ್ತಿತ್ತ ಸರಿದವು. ಆದರೆ ನಾವು ಯಾವ ರಾಜ್ಯಕ್ಕೆ ಸೇರಿದರೂ ಈ ವಿಧಿಗಳು ನಮ್ಮ ಜೊತೆಗೇ ಬಂದವು. ಸೋಲಾಪುರದ ಜೇವಣಕ್ಕೂ, ತಾಳವಾಡಿಯ ಸಾಪ್ಪಾಡಿಗೂ, ಮಡಕಶಿರಾದ ಭೋಜನಕ್ಕೂ, ಕಾಸರಗೋಡಿನ ಊಣಿಗೂ ಕಾನೂನು ಒಂದೇ.

ಬಾಳೆಲೆಯ ಪಂಕ್ತಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ‘ಇನ್ನೊಂದು ಸೌಟು ಹಾಕಿಸಿಕೊಳ್ಳಿ, ಸಂಕೋಚ ಬೇಡ’ ಎಂದು ಉಪಚಾರ ಮಾಡುವ ದನಿ ತಟ್ಟೆಯ ಸಾಲಿನಲ್ಲಿ ಸಿಗುವುದಿಲ್ಲ. ಅದು ನಿಜವಾದ ನಷ್ಟವೇ. ಜೊತೆಗೆ, ಸಾಲು ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದೂ ಅಲ್ಲ. ಸಾಲಿನಲ್ಲಿ ಸಮನಾಗಿ ನಿಂತವರು ಮನೆಗೆ ಹೋದ ಮೇಲೆ ಬೇರೆ ಲೋಟ ಇಡುವುದುಂಟು. ಹಿಂದಿನ ಬಾಗಿಲಲ್ಲಿ ರಾಶಿ ಪಾತ್ರೆ ಉಜ್ಜುವವರು ಇವತ್ತಿಗೂ ಹೆಚ್ಚಾಗಿ ಬಡ ಹೆಂಗಸರೇ.

ಆದ್ದರಿಂದ ಕೇಳುಗರೆ, ಒಂದು ಕೋರಿಕೆ. ಮುಂದಿನ ಸಲ ನಿಮ್ಮೂರಲ್ಲಿ ಜಾತ್ರೆಯ ಅನ್ನದಾನ ನಡೆದಾಗ, ಊಟ ರುಚಿಯಾಗಿತ್ತೇ ಎಂದು ಕೇಳುವುದರ ಜೊತೆಗೆ ಮೂರು ವಿಷಯ ನೋಡಿ. ಬಡಿಸಿದವರು ಯಾರು? ಕೊನೆಗೆ ಉಂಡವರು ಯಾರು? ಎಲೆ ಎತ್ತಿದವರು ಯಾರು? ಮೂರಕ್ಕೂ ವರ್ಷವರ್ಷವೂ ಅದೇ ಉತ್ತರ ಬರುತ್ತಿದ್ದರೆ, ನಿಮ್ಮ ಎಲೆಯನ್ನು ನೀವೇ ಎತ್ತಿಕೊಂಡು ಏಳಿ. ಪಕ್ಕದವರು ಬೆರಗಾಗಿ ನೋಡಿಯಾರು. ನೋಡಲಿ ಬಿಡಿ. ಮರುವರ್ಷ ಅವರಲ್ಲೊಬ್ಬರು ನಿಮ್ಮ ಹಿಂದೆ ಏಳಬಹುದು.