ಪಂಚೆ ಉಟ್ಟ ಜೇಡಮಾನವನ ನಾಲ್ಕು ಸಂಚಿಕೆ

ಕತ್ತಲಗೆರೆಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ. ಸ್ಪೈಡರ್‌ಮ್ಯಾನ್‌ಗೆ ಬರವಿಲ್ಲ. ಮಕ್ಕಳ ಬೆನ್ನಚೀಲದ ಮೇಲೆ ಒಬ್ಬ, ನೀರಿನ ಬಾಟಲಿಯ ಮೇಲೆ ಇನ್ನೊಬ್ಬ, ಒಬ್ಬನಂತೂ ಊಟದ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡು ಅರ್ಧ ಮಾಸಿಹೋಗಿದ್ದಾನೆ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ಭತ್ತದ ಸುದ್ದಿಗೆಂದು ಬಂದಿದ್ದ ಈ ವರದಿಗಾರನ ಚೀಲದಲ್ಲೂ ಒಬ್ಬ ಸ್ಪೈಡರ್‌ಮ್ಯಾನ್ ಇದ್ದ. ಆದರೆ ಅವನು ಬೇರೆ. ಅವನು ಪಂಚೆ ಉಟ್ಟಿದ್ದ.

ಪಕ್ಕದಲ್ಲಿ ಕೂತಿದ್ದ ಐದನೇ ತರಗತಿಯ ಹುಡುಗನಿಗೆ ಪುಸ್ತಕ ತೋರಿಸಿದೆ. ಅವನು ರಕ್ಷಾಪುಟವನ್ನು ಒಂದು ಗಳಿಗೆ ದಿಟ್ಟಿಸಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. "ಅಣ್ಣಾ, ಇವ್ನು ಮದ್ವೆಗೆ ಹೊಂಟಿದಾನಾ?"

ನಗುವಂಥದ್ದೇ. ಆದರೆ ಈ ಪಂಚೆಯ ಹಿಂದೆ ಒಂದು ಕಥೆ ಇದೆ, ಮತ್ತು ಅದು ನಮ್ಮ ಬೆಂಗಳೂರಿಗೆ ಸಂಬಂಧಿಸಿದ್ದು.

2004ರಲ್ಲಿ ಗೋಥಮ್ ಕಾಮಿಕ್ಸ್ ಎಂಬ ಸಂಸ್ಥೆ ಅಮೆರಿಕದ ಮಾರ್ವೆಲ್ ಜೊತೆ ಒಪ್ಪಂದ ಮಾಡಿಕೊಂಡು 'ಸ್ಪೈಡರ್‌ಮ್ಯಾನ್: ಇಂಡಿಯಾ' ಎಂಬ ಕಿರುಸರಣಿಯನ್ನು ಹೊರತಂದಿತು. ಅದೇ ವರ್ಷ 'ಸ್ಪೈಡರ್‌ಮ್ಯಾನ್ 2' ಚಿತ್ರ ಭಾರತದಲ್ಲೂ ತೆರೆಕಂಡಿತ್ತು. ಗಾಳಿ ಬಂದಾಗ ತೂರಿಕೊಂಡರು ಅನ್ನಿ. ಚಿತ್ರ ಬರೆದವರು ಬೆಂಗಳೂರಿನ ಕಲಾವಿದ ಜೀವನ್ ಜೆ. ಕಾಂಗ್. ಕಥೆ ಹೆಣೆದವರು ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಕಾಂಗ್. ನಾಲ್ಕೇ ಸಂಚಿಕೆ. ಅಷ್ಟಕ್ಕೆ ಮುಗಿಯಿತು. ಅಮೆರಿಕದ ಪೀಟರ್ ಪಾರ್ಕರ್ 1962ರಿಂದ ಇಂದಿನವರೆಗೂ ಗೋಡೆ ಹತ್ತುತ್ತಲೇ ಇದ್ದಾನೆ. ನಮ್ಮ ಪವಿತ್ರ್ ಪ್ರಭಾಕರ್ ನಾಲ್ಕು ಸಂಚಿಕೆ ಹತ್ತಿ ಇಳಿದ.

ಕಥೆ ಇಷ್ಟು. ಹಳ್ಳಿಯ ಬಡಹುಡುಗ ಪವಿತ್ರ್. ವಿದ್ಯಾರ್ಥಿವೇತನ ಸಿಕ್ಕಿ ಮುಂಬಯಿಯ ದೊಡ್ಡವರ ಮಕ್ಕಳ ಶಾಲೆ ಸೇರುತ್ತಾನೆ. ಜೊತೆಯಲ್ಲಿ ಚಿಕ್ಕಪ್ಪ ಭೀಮ್, ಚಿಕ್ಕಮ್ಮ ಮಾಯಾ. ಸಹಪಾಠಿಗಳು ಅವನನ್ನು ಗೇಲಿ ಮಾಡುತ್ತಾರೆ. ಮೀರಾ ಜೈನ್ ಎಂಬ ಹುಡುಗಿ ಮಾತ್ರ ಸ್ನೇಹದಿಂದಿರುತ್ತಾಳೆ. ಒಂದು ದಿನ ಪುಂಡ ಹುಡುಗರು ಅಟ್ಟಿಸಿಕೊಂಡು ಬಂದಾಗ ಒಬ್ಬ ಯೋಗಿ ಎದುರಾಗಿ ಅವನಿಗೆ ಜೇಡದ ಶಕ್ತಿ ಕೊಡುತ್ತಾನೆ. ಅತ್ತ ನಲಿನ್ ಒಬೆರಾಯ್ ಎಂಬ ಶ್ರೀಮಂತ ಒಂದು ತಾಯಿತದ ಬಲದಿಂದ ರಾಕ್ಷಸನಾಗುತ್ತಾನೆ. ಮುಂದೆ ಯುದ್ಧ. ಕೊನೆಗೆ ದೀಪಾವಳಿ.

ಮೂಲ ಕಥೆ ಬಲ್ಲವರು ಇಷ್ಟರಲ್ಲೇ ಮುಗುಳ್ನಕ್ಕಿರಬೇಕು. ಪೀಟರ್ ಪಾರ್ಕರ್ ಪವಿತ್ರ್ ಪ್ರಭಾಕರ್ ಆದ. ಅಂಕಲ್ ಬೆನ್ ಭೀಮ್ ಆದ, ಆಂಟ್ ಮೇ ಮಾಯಾ ಆದಳು, ಮೇರಿ ಜೇನ್ ಮೀರಾ ಜೈನ್ ಆದಳು, ಆಸ್‌ಬಾರ್ನ್ ಒಬೆರಾಯ್ ಆದ. ಹೆಸರಿಗೆ ಹೆಸರು ಪ್ರಾಸ ಕೂಡಿಸುವ ಈ ಆಟ ಮೊದಲ ಎರಡು ಪುಟಕ್ಕೆ ತಮಾಷೆ. ಮೂರನೆಯ ಪುಟದ ಹೊತ್ತಿಗೆ ಓದುಗನಿಗೆ ಮುಂದಿನ ಪಾತ್ರ ಯಾರೆಂದು ಮೊದಲೇ ಗೊತ್ತಾಗಿಬಿಡುತ್ತದೆ. ಗುಟ್ಟು ಹೀಗೆ ಮುಂಚೆಯೇ ಬಯಲಾದ ಮೇಲೆ ಕಥೆಗೆ ಕುತೂಹಲ ಎಲ್ಲಿಂದ ಬರಬೇಕು? ಸರಣಿಯ ಮೊದಲ ದೌರ್ಬಲ್ಯ ಇದು.

ಇನ್ನೊಂದು ದೌರ್ಬಲ್ಯ ಇದಕ್ಕಿಂತ ಆಳದ್ದು. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ರೂಪಿಸಿದ ಪೀಟರ್‌ಗೆ ಶಕ್ತಿ ಬಂದದ್ದು ಶುದ್ಧ ಅಪಘಾತದಿಂದ. ವಿಜ್ಞಾನ ಪ್ರದರ್ಶನ ನೋಡಲು ಹೋಗಿದ್ದ, ವಿಕಿರಣ ತಗುಲಿದ ಜೇಡ ಕಚ್ಚಿತು. ಅದು ಪಕ್ಕದವನನ್ನೂ ಕಚ್ಚಬಹುದಿತ್ತು. ಆ ಕಥೆಯ ಸ್ವಾರಸ್ಯವೆಲ್ಲ ಈ 'ಪಕ್ಕದವನನ್ನೂ' ಎಂಬಲ್ಲಿದೆ. ಯೋಗ್ಯತೆ ನೋಡಿ ಬರದ ಶಕ್ತಿಯನ್ನು ಹೊತ್ತುಕೊಂಡು ಒಬ್ಬ ಸಾಮಾನ್ಯ ಹುಡುಗ ಏನು ಮಾಡುತ್ತಾನೆ ಎಂಬ ಪ್ರಶ್ನೆಯೇ ಅವನನ್ನು ಆರು ದಶಕ ಬದುಕಿಸಿದ್ದು. ಪವಿತ್ರ್‌ನನ್ನು ಯೋಗಿ ಆರಿಸಿಕೊಳ್ಳುತ್ತಾನೆ. ಅಲ್ಲಿಗೆ ಅವನು ವರ ಪಡೆದವನಾದ. ವರ ಪಡೆದವರ ಕಥೆ ನಮ್ಮ ಪುರಾಣಗಳಲ್ಲಿ ಬೇಕಾದಷ್ಟಿವೆ, ಇದಕ್ಕಿಂತ ಚೆನ್ನಾಗಿಯೂ ಇವೆ. ಭಾರತ ಎಂದರೆ ಯೋಗಿ, ತಾಯಿತ, ರಾಕ್ಷಸ ಎಂಬ ಎಣಿಕೆ ಹೊರಗಿನವರು ಹಾಕಿದ್ದರೆ ಕೋಪ ಬರುತ್ತಿತ್ತು. ನಮ್ಮವರೇ ಹಾಕಿದಾಗ ಏನು ಹೇಳುವುದು? ಬೆಂಗಳೂರಿನ ಕಲಾವಿದನಿಗೆ ಪ್ರಯೋಗಶಾಲೆ ಎಲ್ಲಿದೆಯೆಂದು ಗೊತ್ತಿರಲಿಲ್ಲವೇ!

ಇಷ್ಟಾದರೂ ಈ ಸರಣಿಯನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದು ಕಡೆ ಅದು ಮೂಲವನ್ನೇ ಮೀರಿಸುತ್ತದೆ.

ಅಮೆರಿಕದ ಕಥೆಯಲ್ಲಿ ಪೀಟರ್ ಓಡಿಹೋಗುತ್ತಿದ್ದ ಕಳ್ಳನನ್ನು ತಡೆಯದೆ ಬಿಡುತ್ತಾನೆ. ಮುಂದೊಂದು ದಿನ ಅದೇ ಕಳ್ಳ ಅಂಕಲ್ ಬೆನ್‌ನನ್ನು ಕೊಲ್ಲುತ್ತಾನೆ. ಅಷ್ಟು ದೊಡ್ಡ ನ್ಯೂಯಾರ್ಕಿನಲ್ಲಿ ಅದೇ ಕಳ್ಳ ಅದೇ ಮನೆಗೆ ಬರುವುದು ಕಾಕತಾಳೀಯ, ಒಪ್ಪಿಕೊಂಡು ಓದಬೇಕು. ಭಾರತದ ಆವೃತ್ತಿಯಲ್ಲಿ ಕೆಲವು ಗಂಡಸರು ಒಬ್ಬ ಹೆಂಗಸಿನ ಮೇಲೆ ಬಿದ್ದಿದ್ದಾರೆ. ಶಕ್ತಿ ಇರುವ ಪವಿತ್ರ್ ನೆರವಿಗೆ ಹೋಗದೆ ತನ್ನ ದಾರಿ ಹಿಡಿಯುತ್ತಾನೆ. ಶಕ್ತಿಯೇ ಇಲ್ಲದ ಚಿಕ್ಕಪ್ಪ ಭೀಮ್ ಅದೇ ಹೆಂಗಸನ್ನು ಬಿಡಿಸಲು ಹೋಗಿ ಚೂರಿ ಇರಿತಕ್ಕೆ ಸಾಯುತ್ತಾನೆ. ಇಲ್ಲಿ ಆಕಸ್ಮಿಕವೇನೂ ಇಲ್ಲ. ಹುಡುಗ ಮಾಡದೆ ಬಿಟ್ಟ ಕೆಲಸವನ್ನು ಮುದುಕ ಮಾಡಲು ಹೋದ, ಸತ್ತ. ಬಸ್ಸಿನಲ್ಲಿ, ಬೀದಿಯಲ್ಲಿ ಕಂಡೂ ಕಾಣದಂತೆ ಮುಖ ತಿರುಗಿಸಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಹಸಿರು ರಾಕ್ಷಸನ ಹತ್ತು ಪುಟದ ಹೊಡೆದಾಟಕ್ಕಿಂತ ಈ ಪ್ರಸಂಗ ಮನಸ್ಸಿನಲ್ಲಿ ಉಳಿಯುತ್ತದೆ.

ಪಂಚೆಯ ಬಗ್ಗೆಯೂ ಒಂದು ಮಾತು. ಕಾಂಗ್ ಅವರ ರೇಖೆಯಲ್ಲಿ ಅದು ಕೇವಲ ಸೋಗಲ್ಲ. ಮೈಗಂಟಿದ ಉಡುಪಿನ ಸ್ಪೈಡರ್‌ಮ್ಯಾನ್ ಜಿಗಿದಾಗ ಮೈಕಟ್ಟು ಮಾತ್ರ ಕಾಣುತ್ತದೆ. ಇವನು ಜಿಗಿದಾಗ ಬಟ್ಟೆ ಗಾಳಿ ತುಂಬಿಕೊಂಡು ಉಬ್ಬುತ್ತದೆ, ವೇಗ ಕಣ್ಣಿಗೆ ಕಾಣುತ್ತದೆ. ಕತ್ತಲಗೆರೆಯ ಹುಡುಗ ಮೊದಲು ನಕ್ಕರೂ ಆಮೇಲೆ ಬೆರಳಿಟ್ಟದ್ದು ಅಂಥದೇ ಒಂದು ಚಿತ್ರದ ಮೇಲೆ. ಹಳ್ಳಿಯಿಂದ ಬಂದವನೆಂಬ ಸಂಗತಿಯನ್ನೂ ಇಷ್ಟೇ ಚೆನ್ನಾಗಿ ಬಳಸಿಕೊಳ್ಳಬಹುದಿತ್ತು. ಆದರೆ ಹಳ್ಳಿ ಇಲ್ಲಿ ಬರೀ ಹಿನ್ನೆಲೆ. ಮುಂಬಯಿಗೆ ಬಂದಮೇಲೆ ಕಥೆಗೆ ಅದರ ನೆನಪೇ ಕಡಿಮೆ. ಭದ್ರಾ ನಾಲೆಯ ಪಕ್ಕದ ಯಾವ ಹುಡುಗನನ್ನು ಕೇಳಿದರೂ ಹೊಸ ಶಾಲೆಯಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ಹೆಸರು ಹೇಳಬೇಕಾದಾಗ ಆಗುವ ಭಯ ಎಂಥದೆಂದು ಹೇಳಿಯಾನು. ಅದಕ್ಕೆ ಹಸಿರು ರಾಕ್ಷಸ ಬೇಕಿಲ್ಲ.

ಪರದೇಶದ ವೀರನನ್ನು ನಮ್ಮವನನ್ನಾಗಿಸುವ ಯತ್ನ ಇದು ಮೊದಲಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಅಮರ ಚಿತ್ರಕಥೆ'ಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳೇ ಆಗಿದ್ದವು. 'ಕೃಷ್ಣ' ಬಂದದ್ದು 11ನೆಯದಾಗಿ. ಆ ಮಾಲೆ 1965ರಲ್ಲಿ ಬೆಂಗಳೂರಿನಲ್ಲಿ, ಕನ್ನಡದಲ್ಲೇ ಶುರುವಾಯಿತೆಂದು ಪ್ರಕಾಶನ ಸಂಸ್ಥೆಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿಕೊಂಡಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1964ರಲ್ಲಿ, ಆರಂಭವಾದ 'ಇಂದ್ರಜಾಲ ಕಾಮಿಕ್ಸ್' ಫ್ಯಾಂಟಮ್ ಮತ್ತು ಮ್ಯಾಂಡ್ರೇಕರನ್ನು ಕನ್ನಡವೂ ಸೇರಿ ಹಲವು ಭಾಷೆಗಳ ಮನೆಗಳಿಗೆ ತಲುಪಿಸಿತು. ಅಲ್ಲಿ ನಡೆದದ್ದು ಪವಿತ್ರ್ ವಿಷಯದಲ್ಲಿ ಆದದ್ದಕ್ಕೆ ತಲೆಕೆಳಗು. ಫ್ಯಾಂಟಮ್ ಇದ್ದ ಕಾಡಿನ ಹೆಸರು ಮೂಲದಲ್ಲಿ ನಮ್ಮ ಬಂಗಾಳವನ್ನು ನೆನಪಿಸುವಂತಿತ್ತು. ಓದುಗರ ಮನಸ್ಸು ನೋಯಬಾರದೆಂದು ಅದನ್ನು 'ಡೆಂಕಾಲಿ' ಮಾಡಿದರು. ಒಬ್ಬನನ್ನು ಭಾರತದಿಂದ ದೂರ ಸರಿಸಿದರು, ಮತ್ತೊಬ್ಬನನ್ನು ಭಾರತಕ್ಕೆ ಎಳೆತಂದರು. ಮನೆಮಾತಾದವನು ದೂರ ಸರಿದವನೇ. ಕಾರಣ ಸರಳ: ಫ್ಯಾಂಟಮ್ ಕನ್ನಡ ಮಾತಾಡಿದ, ಮತ್ತು ಮತ್ತೆ ಮತ್ತೆ ಬಂದ. ಇಂದ್ರಜಾಲ 1990ರವರೆಗೆ ನಡೆಯಿತು.

ಪವಿತ್ರ್‌ನ ಹೆತ್ತವರ ಮನೆಗೆ ಬರೋಣ. ಆ ತಂಡ 2006ರಲ್ಲಿ ರಿಚರ್ಡ್ ಬ್ರಾನ್ಸನ್ನರ ಬಂಡವಾಳ ಸೇರಿದ 'ವರ್ಜಿನ್ ಕಾಮಿಕ್ಸ್'ನಲ್ಲಿತ್ತು, ಬೆಂಗಳೂರಿನಲ್ಲಿ ಸ್ಟುಡಿಯೋ. ಎರಡೇ ವರ್ಷದಲ್ಲಿ ಅದೂ ರೂಪ ಬದಲಿಸಿ 'ಲಿಕ್ವಿಡ್ ಕಾಮಿಕ್ಸ್' ಆಯಿತು. 2013ರ ನವೆಂಬರಿನಲ್ಲಿ ದೇವರಾಜನ್ ಅವರು ಸ್ವತಃ ಸ್ಟಾನ್ ಲೀ ಜೊತೆ ಸೇರಿ ರೂಪಿಸಿದ 'ಚಕ್ರ: ದಿ ಇನ್‌ವಿನ್ಸಿಬಲ್' ಎಂಬ ಅನಿಮೇಷನ್ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪ್ರಸಾರವಾಯಿತು. ನಾಯಕ ಮುಂಬಯಿಯ ರಾಜು ರಾಯ್. ಅವನ ಉಡುಪು ದೇಹದ ಚಕ್ರಗಳನ್ನು ಜಾಗೃತಗೊಳಿಸುತ್ತದೆ. ಈ ಸಲ ಪಾತ್ರ ಕಡ ತಂದದ್ದಲ್ಲ, ವಿಜ್ಞಾನಕ್ಕೂ ಒಂದು ಜಾಗ ಸಿಕ್ಕಿತು. ಆದರೆ ಮತ್ತದೇ ಮುಂಬಯಿ.

ಅಲ್ಪಾಯುಷ್ಯ ನಮ್ಮೊಬ್ಬರ ಹಣೆಬರಹವಲ್ಲ ಎನ್ನಲು ಅಮೆರಿಕದ ಸ್ಪೈಡರ್‌ಮ್ಯಾನ್ ಅನಿಮೇಷನ್‌ಗಳೇ ಸಾಕ್ಷಿ. 1999ರಲ್ಲಿ ಆರಂಭವಾದ 'ಅನ್‌ಲಿಮಿಟೆಡ್' 13 ಕಂತಿಗೆ ನಿಂತಿತು, ಕಥೆ ಅರ್ಧದಲ್ಲೇ. 2003ರ ಎಂಟಿವಿ ಸರಣಿಯೂ 13 ಕಂತು. ಅಭಿಮಾನಿಗಳು ಇಂದಿಗೂ ಹೊಗಳುವ 'ಸ್ಪೆಕ್ಟಾಕ್ಯುಲರ್ ಸ್ಪೈಡರ್‌ಮ್ಯಾನ್' (2008-09) 26 ಕಂತಿಗೆ ಮುಗಿಯಿತು. ಅದು ಕಥೆಯ ದೋಷದಿಂದಲ್ಲ, ಟಿ.ವಿ. ಹಕ್ಕು ಸೋನಿಯಿಂದ ಮಾರ್ವೆಲ್‌ಗೆ ಮರಳಿದ್ದರಿಂದ. ಮೂಲ ಪೀಟರ್ ಕೂಡ ಹುಟ್ಟಿದ್ದು ಮುಚ್ಚುತ್ತಿದ್ದ ಒಂದು ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ. ವ್ಯತ್ಯಾಸವಿಷ್ಟೆ: ಅಲ್ಲಿ ಒಂದು ಸರಣಿ ಸತ್ತರೆ ಇನ್ನೊಂದಕ್ಕೆ ಹಣ ಹಾಕುವವರಿದ್ದಾರೆ.

ಆ ಹಣವೇ ಕೊನೆಗೆ ಪವಿತ್ರ್‌ನನ್ನೂ ಎಬ್ಬಿಸಿತು. 2023ರ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಅನಿಮೇಷನ್ ಚಿತ್ರದಲ್ಲಿ ಅವನು ಮುಂಬಯಿ ಮತ್ತು ಮ್ಯಾನ್‌ಹಟನ್ ಬೆರೆತ 'ಮುಂಬಾಟನ್' ನಗರದ ರಕ್ಷಕ. ಕೊರಗುವ ಹುಡುಗನಲ್ಲ, ಲವಲವಿಕೆಯವನು. 'ಚಾಯ್ ಟೀ' ಅಂದವರಿಗೆ, ಚಾಯ್ ಅಂದರೇ ಟೀ ಕಣಪ್ಪ ಎಂದು ರೇಗುತ್ತಾನೆ. ಆ ನಗರದ ಬಣ್ಣಗಾರಿಕೆಗೆ ಚಿತ್ರತಂಡ ಮಾದರಿಯಾಗಿ ಇಟ್ಟುಕೊಂಡದ್ದು ಬೇರೇನೂ ಅಲ್ಲ, ಅದೇ ನಮ್ಮ ಹಳೆಯ ಇಂದ್ರಜಾಲ ಕಾಮಿಕ್ಸ್. ಆ ಜೂನ್ 1ರಂದು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಚಿತ್ರ ಬಂತು. ಅದರಲ್ಲಿ ಕನ್ನಡವೂ ಒಂದು. ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಹಾಕಿದ್ದ ನಾಡಿನಲ್ಲಿ, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಆ ಬಾಗಿಲನ್ನು ಸಡಿಲಿಸಿದ ಮೇಲೆ, ಬೆಂಗಳೂರಿನಲ್ಲಿ ಗೆರೆ ಮೂಡಿದ ಹುಡುಗ ಹಾಲಿವುಡ್ ಸುತ್ತಿಕೊಂಡು ಕನ್ನಡ ಕಲಿತು ಬಂದ. ಹತ್ತೊಂಬತ್ತು ವರ್ಷ ಬೇಕಾಯಿತು.

ಬಸ್ ನಿಲ್ದಾಣದಲ್ಲಿ ನನ್ನ ಕೈಲಿದ್ದದ್ದು ಮಾತ್ರ 2004ರ ಇಂಗ್ಲಿಷ್ ಪುಸ್ತಕ. ಹುಡುಗ ಬಲೂನಿನೊಳಗಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಲು ನೋಡಿ ಸುಸ್ತಾದ. "ಏನಂತಾನೆ ಅಣ್ಣ ಇವ್ನು?" ಎಂದ. ನಾನು ಒಂದೊಂದೇ ಚೌಕ ತೋರಿಸುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದೆ. ಯೋಗಿಯ ಪುಟದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ, ಬೇಗ ತಿರುಗಿಸಿದ. ಚಿಕ್ಕಪ್ಪ ಬೀಳುವ ಪುಟಕ್ಕೆ ಬಂದಾಗ ಬಸ್ ಬಂತು. ಜೊತೆಯವರು ಕೂಗಿದರು. ಹುಡುಗ ಚೀಲ ಹೆಗಲಿಗೆ ಹಾಕಿಕೊಂಡು ಎದ್ದ, ಆದರೆ ಪುಟದಿಂದ ಕಣ್ಣು ಕೀಳಲಿಲ್ಲ.

"ಅಷ್ಟ್ ದೊಡ್ಡ ಊರಲ್ಲಿ ಅವ್ರ ಚಿಕ್ಕಪ್ಪ ಒಬ್ರೇ ಹೋದ್ರಾ? ಬೇರೆ ಯಾರೂ ಬರ್ಲಿಲ್ವಾ ಅಣ್ಣ?"